ಚಿಂತಾಕಿಯ ಮಾಣಿಕಪ್ಪನ ಫೋಟೋ

ವಿಕಾರಾಬಾದಿನ ಆಚೆ

ಆ ಪ್ರವಾಸಕ್ಕೆ ನಮ್ಮ ಮನೆಯಲ್ಲಿ ಈಗಲೂ ‘ಫಾರಿನ್ ಟೂರು’ ಎಂದೇ ಹೆಸರು. ನಾನು ಹೋದದ್ದು ಬೀದರಿಗೆ. ಆದರೂ ಹೆಸರಿಟ್ಟವರನ್ನು ತಿದ್ದಲು ಹೋಗುವುದಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಬೆಂಗಳೂರಿನ ದಂಡು ಸ್ಟೇಷನ್ನಿನ ಆಚೆಗೆ ಜಗತ್ತು ಇದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ಬೆಳೆದವನು ನಾನು. ಕಾಫಿ ಸಿಗದ ಊರೆಲ್ಲ ನನ್ನ ಮಟ್ಟಿಗೆ ಪರದೇಶವೇ.

ಹೈದರಾಬಾದಿಗೆ ಸೇರಿದ್ದ ಬೀದರ ಸೀಮೆ ನಮ್ಮ ಮೈಸೂರು ರಾಜ್ಯಕ್ಕೆ ಬಂದು ಕೂಡಿದ ಚಳಿಗಾಲ ಅದು. ನಾನು ವಾರ್ತಾ ಇಲಾಖೆಗಾಗಿ ಊರೂರು ತಿರುಗಿ ಜನಜೀವನದ ಫೋಟೋ ತೆಗೆಯುವವನು. “ಹೊಸದಾಗಿ ಬಂದವರು ಹೇಗಿದ್ದಾರೆ, ಏನು ಕೆಲಸ ಮಾಡುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಂಡು ಬನ್ನಿ” ಎಂದು ಇಲಾಖೆಯ ಹಿರಿಯರು ಹೇಳಿ ಕಳಿಸಿದರು. ಮನೆಗೆ ಬಂದ ಸೊಸೆ ಹೇಗಿದ್ದಾಳೆಂದು ಮದುವೆ ಮುಗಿದ ಮೇಲೆ ನೋಡಲು ಹೊರಟ ಹಾಗಾಯಿತು. ಆದರೆ ‘ಇದ್ದ ಹಾಗೆ’ ಎಂಬ ಮಾತು ನನಗೆ ಹಿಡಿಸಿತು. ನನ್ನ ವ್ರತವೂ ಅದೇ. ಜನರನ್ನು ಸಾಲಾಗಿ ಕೂರಿಸಿ, ಹಿಂದೆ ಹೂದಾನಿ ಇಟ್ಟು ತೆಗೆಯುವ ಸ್ಟುಡಿಯೋ ಕೆಲಸವನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು.

ನಮ್ಮದೇ ರಾಜ್ಯದ ಊರಿಗೆ ಹೋಗಲು ಆಂಧ್ರದೊಳಗೆ ಹೊಕ್ಕು, ವಿಕಾರಾಬಾದಿನಲ್ಲಿ ಇಳಿದು, ಇನ್ನೊಂದು ಗಾಡಿ ಹತ್ತಬೇಕು. ಎದುರಿಗೆ ಕೂತಿದ್ದ ದೊಡ್ಡ ರುಮಾಲಿನ ಯಜಮಾನರು ನಾನು ಮೈಸೂರಿನವನೆಂದು ತಿಳಿದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ನಿಮ್ಮ ಕಡಿ ರೊಟ್ಟಿ ತಿನ್ನಂಗಿಲ್ಲಂತಲ್ರಿ?” ಎಂದರು.

“ಅನ್ನ ಸಾರು, ಮುದ್ದೆ” ಎಂದೆ.

“ಮತ್ತ ಜೀವ ಹ್ಯಾಂಗ ಹಿಡೀತೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಬುತ್ತಿ ಬಿಚ್ಚಿ ಎರಡು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ನನ್ನ ಮಡಿಲಿಗೆ ಹಾಕಿದರು. ರೊಟ್ಟಿ ಕಡಕ್ಕಾಗಿತ್ತು, ಹಿಂಡಿ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂತು. ಯಜಮಾನರು ಅದನ್ನು ಕೃತಜ್ಞತೆ ಎಂದು ತಿಳಿದು ಇನ್ನೊಂದು ರೊಟ್ಟಿ ಕೊಟ್ಟರು.

ಬೀದರ

ಸ್ಟೇಷನ್ನಿಗೆ ಬಂದಿದ್ದವರು ಖಾದರ್ ಸಾಹೇಬರು. ಜಿಲ್ಲಾ ಕಚೇರಿಯ ಗುಮಾಸ್ತರು. ನನಗೆ ದಾರಿ ತೋರಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಮಾಸಿದರೂ ಇಸ್ತ್ರಿ ಬಿಡದ ಶೇರ್ವಾನಿ, ಕಪ್ಪು ಟೋಪಿ, ನರೆತ ಗಡ್ಡ. ಬಾಯಲ್ಲಿ ಕನ್ನಡ ಧಾರಾಳ, ಅಕ್ಷರ ಮಾತ್ರ ಬಾರದು. ಅದುವರೆಗೂ ಅವರ ಕಚೇರಿ ನಡೆದದ್ದು ಉರ್ದುವಿನಲ್ಲಿ. ಇನ್ನು ಮುಂದೆ ಕನ್ನಡ ಬೇಕಾಗುತ್ತದೆಂದು ಆ ವಯಸ್ಸಿನಲ್ಲಿ ಅ ಆ ಇ ಈ ಹಿಡಿದಿದ್ದರು. ನಡೆಯುವಾಗ ಹೊಸ ಬೋರ್ಡು ಕಂಡರೆ ನಿಂತುಬಿಡುವರು. ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವತನಕ ನಾನೂ ನಿಲ್ಲಬೇಕು. “ನಿಮ್ಮ ಸಲುವಾಗಿ ಕಲೀಲಾಕತ್ತೀನ್ರಿ” ಎನ್ನುವರು. ವರ್ಣಮಾಲೆಯನ್ನು ಮೈಸೂರಿನಿಂದ ನಾನೇ ಹೊತ್ತು ತಂದೆನೇನೋ ಎಂಬಂತೆ ಸಂಕೋಚವಾಗುತ್ತಿತ್ತು.

ನನ್ನ ಕನ್ನಡ ಅಲ್ಲಿ ಯಾರಿಗೂ ಕನ್ನಡವೆನಿಸಲಿಲ್ಲ. ಊರ ನಡುವಿನ ಚೌಬಾರ ಗೋಪುರದ ಹತ್ತಿರ ಚಹದಂಗಡಿಯಲ್ಲಿ “ಸ್ವಲ್ಪ ಬಿಸಿನೀರು ಸಿಗುತ್ತದೆಯೇ” ಎಂದು ಕೇಳಿದರೆ, ಅಂಗಡಿಯವನು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಉತ್ತರ ಕೊಟ್ಟ. ಕಾಫಿ ಎಂಬ ಶಬ್ದಕ್ಕೆ ಅವನ ಮುಖದಲ್ಲಿ ಕನಿಕರ ಕಾಣಿಸಿಕೊಂಡಿತು. ಮೂರನೆಯ ಲೋಟ ಚಹಕ್ಕೆ ನಾನು ಶರಣಾದೆ.

ಕೆಲಸ ಶುರುವಾದ ಮೇಲೆ ನಿಜವಾದ ಕಷ್ಟ ತಿಳಿಯಿತು. ಬಿದರಿ ಪಾತ್ರೆ ಮಾಡುವವರೊಬ್ಬರು ಹೂಜಿಯೊಂದನ್ನು ತೊಡೆಯ ನಡುವೆ ಹಿಡಿದು ಉಜ್ಜುತ್ತಿದ್ದರು. ಮೊಣಕೈತನಕ ಕಪ್ಪು, ಕಿಟಕಿಯ ಬೆಳಕು ನೇರ ಆ ಕೈ ಮೇಲೆ. ಫೋಟೋ ತೆಗೆಯಲೇ ಎಂದು ಕೇಳಿದೆ. ಸಂತೋಷದಿಂದ ಒಪ್ಪಿ ಒಳಗೆ ಹೋದರು. ಹೋದವರು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಸ್ನಾನ ಮಾಡಿ, ತಲೆ ಬಾಚಿ, ಅಳಿಯನ ಕೋಟು ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟು ನನ್ನನ್ನೇ ದಿಟ್ಟಿಸಿದರು. ಬೆಳಕೂ ಹೋಗಿತ್ತು, ಮಸಿಯೂ ಹೋಗಿತ್ತು. ನಾನು ಗೊಣಗಿದೆ. ಖಾದರ್ ಸಾಹೇಬರು ಸಮಾಧಾನ ಹೇಳಿದರು: “ಫೋಟು ಜಿಂದಗಿನಾಗ ಒಮ್ಮಿ ತೆಗೀತಾರ್ರಿ. ಹೊಲಸು ಕೈಲೆ ಕುಂತ್ರ ಮನಿ ಮಂದಿ ಏನಂದಾರು?”

ಅಷ್ಟೂರಿನ ಸುಲ್ತಾನರ ಗೋರಿಗಳಲ್ಲಿ ಮಾತ್ರ ನನಗೆ ನೆಮ್ಮದಿ ಸಿಕ್ಕಿತು. ಅಲ್ಲಿ ಯಾರೂ ಕೋಟು ಹಾಕಿಕೊಳ್ಳಲು ಓಡುವಂತಿರಲಿಲ್ಲ. ಗುಮ್ಮಟದ ನೆರಳಿನಲ್ಲಿ ಮಲಗಿದ್ದ ಕುರಿಗಳನ್ನು ತೆಗೆದೆ. ಕುರಿಗಳು ಕ್ಯಾಮೆರಾವನ್ನು ನೋಡಲಿಲ್ಲ.

ಭಾಲ್ಕಿ

ಭಾಲ್ಕಿಯ ಪೇಟೆ ತೊಗರಿಯ ವಾಸನೆ ಹೊಡೆಯುತ್ತಿತ್ತು. ನಮ್ಮ ಕಡೆಯ ಸಂತೆಯಲ್ಲಿ ಗಲಾಟೆ ಹೆಚ್ಚು, ವ್ಯಾಪಾರ ಕಡಿಮೆ. ಇಲ್ಲಿ ಕಾಳಿನ ರಾಶಿಯ ಮುಂದೆ ಇಬ್ಬರು ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ಬೆಲೆ ಮಾತಾಡಿ ಮುಗಿಸುತ್ತಾರೆ. ಮುಖದಲ್ಲಿ ಏನೂ ಕಾಣಗೊಡುವುದಿಲ್ಲ. ಅದನ್ನು ತೆಗೆಯಲೆಂದು ನಾನು ಒಂದು ಕಂಬದ ಮರೆಯಲ್ಲಿ ನಿಂತಿದ್ದೆ. ನನ್ನದು ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ. ಎದೆಯ ಮಟ್ಟಕ್ಕೆ ಹಿಡಿದು ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಬಗ್ಗಿದಾಗ ಗಾಜಿನ ಮೇಲೆ ನೆರಳು ಬಿತ್ತು. ಯಾರೋ ನನ್ನ ಭುಜದ ಮೇಲಿಂದ ಇಣುಕುತ್ತಿದ್ದರು.

ಬೈದು ಓಡಿಸಿದೆ. ಬೇರೆ ಕಡೆ ಹೋದೆ. ಅಲ್ಲಿಯೂ ಅದೇ ನೆರಳು. ಬಿಳಿ ಧೋತರ, ಹೆಗಲ ಮೇಲೆ ಬಟ್ಟೆಯ ಗಂಟು, ಹಣೆಯಲ್ಲಿ ವಿಭೂತಿ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಮೂರನೆಯ ಬಾರಿ ನಾನು ತಿರುಗಿದಾಗ ಅವನೇ ಮಾತಾಡಿದ.

“ಸಾಹೇಬ್ರ, ಸತ್ತವರ ಫೋಟು ತೆಗೀತೀರೇನ್ರಿ?”

ಹಳೆಯ ಫೋಟೋ ಇದ್ದರೆ ಅದನ್ನು ನೋಡಿ ದೊಡ್ಡದು ಮಾಡಬಹುದು ಎಂದೆ.

“ಹಳೀದು ಇಲ್ರಿ. ಮುಖ ಒಂದು ಅದ.” ಅವನು ತನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಮುಟ್ಟಿ ತೋರಿಸಿದ. “ಇದು.”

ಚಹದಂಗಡಿಯಲ್ಲಿ ಕೂತು ಪೂರ್ತಿ ಕೇಳಿದೆವು. ಅವನ ಹೆಸರು ವೈಜಿನಾಥ. ಊರು ಔರಾದ ತಾಲ್ಲೂಕಿನ ಚಿಂತಾಕಿ. ಅಣ್ಣ ಮಾಣಿಕಪ್ಪ ಜ್ವರ ಬಂದು ತೀರಿಕೊಂಡಾಗ ಅಣ್ಣನ ಮಗಳು ಶಾಂತಮ್ಮ ಅಂಬೆಗಾಲಿಡುತ್ತಿದ್ದಳು. ಈಗ ಅವಳ ಮದುವೆ. ಅವರಲ್ಲಿ ಮದುವೆಯ ಹೆಣ್ಣು ಹಂದರಕ್ಕೆ ಬರುವ ಮುನ್ನ ಮನೆಯಲ್ಲಿ ತೀರಿಹೋದ ಹಿರಿಯರ ಫೋಟೋಕ್ಕೆ ಹೂವಿನ ಹಾರ ಹಾಕಿ, ನಮಸ್ಕಾರ ಮಾಡಿ ಹೊರಡಬೇಕು. ಮಾಣಿಕಪ್ಪ ಬದುಕಿದ್ದಾಗ ಫೋಟೋ ತೆಗೆಸಿಕೊಂಡವನಲ್ಲ. ಔರಾದದಲ್ಲಿ ಸ್ಟುಡಿಯೋ ಇರಲಿಲ್ಲ, ರೈಲೂ ಇಲ್ಲ. ಸೀರೆ ಯಾವುದು ಬೇಕು, ಬಂಗಾರ ಏನು ಬೇಕು ಎಂದು ಕೇಳಿದರೆ ಹುಡುಗಿ ಏನೂ ಹೇಳಿರಲಿಲ್ಲ. ಕೊನೆಗೆ, “ಕಾಕಾ, ನಮ್ಮಪ್ಪನ ಫೋಟು ಆಗ್ತದೇನು?” ಎಂದಿದ್ದಳಂತೆ.

“ಅಣ್ಣಂದು ನಂದು ಒಂದೇ ಮುಖ ಅಂತಾರ್ರಿ ಊರಾಗ. ಅವನ ಕೋಟು ಅದ, ರುಮಾಲ ಅದ. ನಾ ಹಾಕ್ಕೊಂಡು ನಿಂದರ್ತೇನಿ. ನೀವು ತೆಗೀರಿ. ಉದಗೀರ ಕಡಿ ಒಬ್ಬರು ಹಂಗೇ ಮಾಡ್ಯಾರ.”

ನನಗೆ ಕೇಳಲು ಕಷ್ಟವಾಯಿತು. ಇರುವುದನ್ನು ಇದ್ದ ಹಾಗೆ ತೆಗೆಯುವವನು ನಾನು. ಒಬ್ಬನನ್ನು ಇನ್ನೊಬ್ಬನ ವೇಷದಲ್ಲಿ ನಿಲ್ಲಿಸಿ ತೆಗೆಯುವುದು ನಾಟಕ ಕಂಪನಿಯ ಕೆಲಸ ಎಂದು ಬಿರುಸಾಗಿಯೇ ಹೇಳಿದೆ. ವೈಜಿನಾಥ ವಾದ ಮಾಡಲಿಲ್ಲ. “ಹೌದ್ರಿ” ಎಂದು ಗಂಟು ಎತ್ತಿಕೊಂಡ. ಖಾದರ್ ಸಾಹೇಬರು ತಮ್ಮ ಚಹ ಮುಗಿಸಿ, ಮೆಲ್ಲಗೆ ಹೇಳಿದರು: “ಔರಾದಕ್ಕ ಹೆಂಗೂ ಹೋಗಬೇಕಲ್ರಿ. ಚಿಂತಾಕಿ ಅಲ್ಲೇ ಅದ. ಊರು ನೋಡಿ ಬರೋಣ. ಊರು ನೋಡಿದ್ರ ಏನು ತಪ್ಪದ?”

ಔರಾದ

ಬಸ್ಸಿನಲ್ಲಿ ಮನುಷ್ಯರ ಜೊತೆ ಎರಡು ಮೇಕೆ, ಒಂದು ಹೊಲಿಗೆ ಯಂತ್ರ ಬಂದವು. ಬೀದರದ ಕೆಂಪು ನೆಲ ದಾರಿಯಲ್ಲೆಲ್ಲೋ ಮುಗಿದು ಕಪ್ಪು ನೆಲ ಶುರುವಾಯಿತು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಔರಾದದಲ್ಲಿ ಇಳಿದರೆ ಒಬ್ಬ ಮರಾಠಿ ಮಾತಾಡುತ್ತಾನೆ, ಅವನಿಗೆ ಇನ್ನೊಬ್ಬ ಕನ್ನಡದಲ್ಲಿ ಉತ್ತರ ಕೊಡುತ್ತಾನೆ, ಪಕ್ಕದವಳು ತೆಲುಗಿನಲ್ಲಿ ಇಬ್ಬರನ್ನೂ ಬೈಯುತ್ತಾಳೆ. ಮೂವರಿಗೂ ತಿಳಿಯುತ್ತದೆ.

ಇಲ್ಲಿ ನಾನು ಮಾಡಿದ ತಪ್ಪೆಂದರೆ ಮೂರು ಕಾಲಿನ ಸ್ಟ್ಯಾಂಡನ್ನು ಊರ ಹೊರಗಿನ ಹೊಲದ ಬದಿಗೆ ನಿಲ್ಲಿಸಿದ್ದು. ಹೊಸ ರಾಜ್ಯದ ಗಡಿ ಗುರುತಿಸುವ ಸರ್ವೆಯವರು ಬಂದರೆಂದು ಸುದ್ದಿ ಹಬ್ಬಿತು. ನೋಡುತ್ತಿದ್ದಂತೆ ಹೊಲಗಳಿಂದ ಜನ ಬಂದರು. ಒಬ್ಬ ಮುದುಕ ನನ್ನ ಕೈ ಹಿಡಿದು ತನ್ನ ಬದುವಿನ ಬೇವಿನ ಮರಕ್ಕೆ ಕರೆದೊಯ್ದ. “ಕಲ್ಲು ಎಲ್ಲಿ ಹಾಕ್ತೀರಿ ಹೇಳ್ರಿ. ಮರ ನಮ್ಮ ಕಡಿ ಬರ್ತದೋ ಅವರ ಕಡಿ ಹೋಗ್ತದೋ? ಮಗಳ್ನ ಆ ಕಡಿ ಕೊಟ್ಟೀನಿ. ಬರಾಕ ಹೋಗಾಕ ಚೀಟಿ ಬೇಕಂತಾರ, ಖರೇ ಏನ್ರಿ?”

ಚೀಟಿ ಬೇಕಾಗಿಲ್ಲ, ಮೊದಲಿನಂತೆಯೇ ಹೋಗಿಬರಬಹುದು ಎಂದು ಹೇಳಿದೆ. ನಂಬಲಿಲ್ಲ. ಖಾದರ್ ಸಾಹೇಬರು ಅದನ್ನೇ ಉರ್ದುವಿನಲ್ಲಿ ಹೇಳಿದರು. ಸರಕಾರದ ಮಾತೆಂದರೆ ಉರ್ದುವಿನಲ್ಲೇ ಇರಬೇಕೆಂದು ರೂಢಿಯಾಗಿದ್ದ ಮುದುಕ ಆಗ ನಂಬಿದ. ಸಂತೋಷದಿಂದ ನಮ್ಮಿಬ್ಬರಿಗೂ ಹಸಿಗಡಲೆಯ ಗಿಡಗಳನ್ನೇ ಕಿತ್ತುಕೊಟ್ಟ. ಗಿಡ ಕೈಯಲ್ಲಿ ಹಿಡಿದು ಬಿಡಿಸಿ ತಿನ್ನುತ್ತ, ನಮಗಿಂತ ಮೊದಲೇ ಊರಿಗೆ ಹೋಗಿದ್ದ ವೈಜಿನಾಥ ಕಳಿಸಿದ ಚಿಂತಾಕಿಯ ಚಕ್ಕಡಿ ಹತ್ತಿದೆವು.

ಚಿಂತಾಕಿ

ಮಣ್ಣಿನ ಮಾಳಿಗೆಯ ಮನೆ, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಹರಡಿದ ಶಾವಿಗೆ. ನಾವು ಬರಿದೆ ಊರು ನೋಡಲು ಬಂದವರೆಂದು ನಾನು ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ. ಆದರೆ ಒಳಗೆ ಕಾಲಿಟ್ಟಾಗಲೇ ಕಂಡದ್ದು: ಪಡಸಾಲೆಯ ಹಗ್ಗದ ಮೇಲೆ ಒಂದು ಕರಿ ಕೋಟು ತೂಗುತ್ತಿತ್ತು. ಬೇವಿನೆಲೆಯ ವಾಸನೆ. ಅದರ ತೋಳನ್ನು ಶಾಂತಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹದಿನೇಳು ಹದಿನೆಂಟರ ಹುಡುಗಿ, ಕೈಗೆ ಅರಿಸಿನ ಹತ್ತಿತ್ತು. ನನ್ನ ಹೆಗಲಿನ ಪೆಟ್ಟಿಗೆಯನ್ನು ಕಂಡದ್ದೇ ಅವಳ ಮುಖದಲ್ಲಿ ಬಂದ ಬೆಳಕನ್ನು ನೋಡಿ, ನಾನು ‘ಬರಿದೆ ಊರು ನೋಡಲು’ ಎಂಬ ಮಾತನ್ನು ನುಂಗಿಕೊಂಡೆ.

ಅವಳ ತಾಯಿ ಗುಂಡಮ್ಮ ಒಳಬಾಗಿಲಲ್ಲಿ ನಿಂತಿದ್ದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ವೈಜಿನಾಥನಿಗೆ ಎಳವೆಯಲ್ಲೇ ತಾಯಿ ಇರಲಿಲ್ಲ. ಈ ಅತ್ತಿಗೆಯೇ ಉಣಿಸಿ ಬೆಳೆಸಿದವರು. “ವೈನಿ ಅಂತೇನಿ, ಖರೇ ಅಂದ್ರ ನಮ್ಮವ್ವನೇ” ಎಂದು ಅವನು ಪರಿಚಯ ಮಾಡಿಸಿದ. ತಲೆಯ ಮೇಲೆ ಸೆರಗಿಲ್ಲದೆ, ಮಗನ ಮುಂದೆ ಓಡಾಡುವ ಹಾಗೆಯೇ ಆಕೆ ಅವನ ಮುಂದೆ ಓಡಾಡಿಕೊಂಡಿದ್ದರು.

ತಡೆ ಬಂದದ್ದು ವೈಜಿನಾಥನ ಹೆಂಡತಿಯಿಂದ. ರತ್ನಾಬಾಯಿ ನಮಗೆ ಚಹ ತಂದಿಟ್ಟು, ನಿಂತಲ್ಲೇ ಹೇಳಿದಳು.

“ಫೋಟು ತೆಗೀರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹಾರ ಹಾಕ್ತಾರಲ್ರಿ ಅದಕ್ಕ? ಜೀವಂತ ಇದ್ದವರ ಫೋಟುಕ್ಕ ಹೂವಿನ ಹಾರ ಹಾಕಿದ್ರ ಆಯುಷ್ಯ ಕಮ್ಮಿ ಆಗ್ತದ. ಹೆಸರು ಭಾವಂದು ಇರಬಹುದು. ಮುಖ ನನ್ನ ಗಂಡಂದು.”

ಮೈಸೂರಿನಲ್ಲೂ ಬದುಕಿದ್ದವರ ಫೋಟೋಕ್ಕೆ ಹಾರ ಹಾಕಿದರೆ ನನ್ನ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ. ವೈಜಿನಾಥ ನಗಲು ನೋಡಿದ, “ಹಂಗೆಲ್ಲಾ ಏನಾಗ್ತದ” ಎಂದ. ರತ್ನಾಬಾಯಿಯ ಕಣ್ಣು ತುಂಬಿತ್ತು. ಅವಳು ಹಟ ಮಾಡುತ್ತಿರಲಿಲ್ಲ, ಹೆದರಿದ್ದಳು.

ಗುಂಡಮ್ಮ ಬಾಗಿಲಿನಿಂದಲೇ ಹೇಳಿದರು: “ರತ್ನಿ ಅಂಬೋದು ಖರೇ ಅದ. ಬ್ಯಾಡ ಬಿಡ್ರಿ. ಇದ್ದವ ನೂರು ವರ್ಷ ಇರಲಿ.”

ಶಾಂತಮ್ಮ ಹಗ್ಗದಿಂದ ಕೋಟು ಇಳಿಸಿದಳು. ತೋಳುಗಳನ್ನು ಒಳಗೆ ಮಡಿಸಿ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಒಳಕೋಣೆಗೆ ನಡೆದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ನನ್ನ ವ್ರತ, ನನ್ನ ಇಲಾಖೆ, ನನ್ನ ‘ಇದ್ದ ಹಾಗೆ’ ಎಲ್ಲ ಆ ಗಳಿಗೆಯಲ್ಲಿ ನನಗೆ ಬೇಡವಾದವು. ಈ ಹುಡುಗಿಗೆ ಒಂದು ಫೋಟೋ ಸಿಗಬೇಕು ಎಂದು ಮಾತ್ರ ಅನಿಸಿತು. ನಾನು ಚಹದ ಬಸಿಯನ್ನೇ ನೋಡುತ್ತ ಕೂತೆ.

ರತ್ನಾಬಾಯಿಯೂ ಆ ಮುಚ್ಚಳದ ಸದ್ದು ಕೇಳಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಹತ್ತಿರ ಬಂದಳು.

“ಒಂದು ಮಾತು ಕೇಳ್ತೇನಿ ಸಾಹೇಬ್ರ. ಮೊದಲ ನಮ್ಮಿಬ್ಬರದು ಜೋಡಿ ತೆಗೀರಿ. ಇವರ ಬಟ್ಟಿ, ಇವರ ಟೊಪಗಿ, ಬಾಜೂಕ ನಾನು. ಅದು ಇವರ ಫೋಟು. ಆಮ್ಯಾಲ ಭಾವನ ಬಟ್ಟಿ ಹಾಕಿದ್ದು ತೆಗೀರಿ. ಅದು ಭಾವಂದು. ಎರಡೂ ಒಂದೇ ಗ್ವಾಡಿಗಿ ಹಾಕ್ತೇನಿ. ಜೀವ ಕರ್ಕೊಂಡು ಹೋಗಾಕ ಬಂದವಗ ಯಾರು ಇದ್ದವರು, ಯಾರು ಹೋದವರು ಅಂತ ಗುರುತು ಸಿಗಬೇಕಲ್ರಿ?”

ಖಾದರ್ ಸಾಹೇಬರು “ವಾಹ್” ಎಂದರು. ಕಾನೂನು ಓದಿದವರು ಕೂತು ಬರೆದಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಹಾಗಾಗಿ ಮೊದಲು ಜೋಡಿ ಫೋಟೋ. ರತ್ನಾಬಾಯಿ ಹಣೆಯ ಕುಂಕುಮವನ್ನು ಕಾಸಗಲ ಮಾಡಿಕೊಂಡು ಬಂದಳು, ಫೋಟೋದಲ್ಲಿ ತಪ್ಪದೆ ಕಾಣಲೆಂದು. ಗಂಡನ ಸರಿಸಮ ಕುರ್ಚಿಯಲ್ಲಿ ಕೂರುವುದೆಂದರೆ ಅವಳಿಗೆ ನಾಚಿಕೆ. ಕೂತು ಏಳುತ್ತಾಳೆ, ಕೂತು ಏಳುತ್ತಾಳೆ. ಕಟ್ಟೆಯ ಸುತ್ತ ಸೇರಿದ್ದ ಹೆಂಗಸರು ನಗುತ್ತಿದ್ದರು. ಕೊನೆಗೆ ವೈಜಿನಾಥ ಅವಳ ಕೈ ಹಿಡಿದು ಕೂರಿಸಿದ. ಆ ಕೈ ಬಿಡುವ ಮೊದಲೇ ನಾನು ಗುಂಡಿ ಒತ್ತಿದೆ.

ಆಮೇಲೆ ಶಾಂತಮ್ಮ ಪೆಟ್ಟಿಗೆಯಿಂದ ಕೋಟನ್ನು ಮತ್ತೆ ತಂದಳು. ವೈಜಿನಾಥ ತೊಟ್ಟುಕೊಂಡ. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ರುಮಾಲು ಸುತ್ತಿದ. ಊರಿನ ಹಿರಿಯರೆಲ್ಲ ಅಷ್ಟರಲ್ಲಿ ಅಂಗಳಕ್ಕೆ ಬಂದಿದ್ದರು, ಬಂದವರಿಗೆಲ್ಲ ಒಂದೊಂದು ನೆನಪು.

“ಮಾಣಿಕಪ್ಪನ ರುಮಾಲ ಎಡಕ್ಕ ವಾಲ್ತಿತ್ತು.”

“ಇಲ್ಲ, ಬಲಕ್ಕ. ನಾ ಅವನ ಸಂಗಟ ಜೋಳ ಹೇರಿದಾಂವ.”

“ಮಾಣಿಕಪ್ಪ ಇಷ್ಟು ವಯಸ್ಸಾದಾಂವ ಇದ್ದಿದ್ದಿಲ್ಲ ನೋಡು.”

“ಬದುಕಿದ್ದಿದ್ರ ಆಗ್ತಿದ್ದ” ಎಂದು ವೈಜಿನಾಥ ಕದಲದೆ ನಿಂತಲ್ಲಿಂದಲೇ ಹೇಳಿದ.

ನನ್ನ ಕ್ಯಾಮೆರಾದ ಗಾಜಿನಲ್ಲಿ ಎಡ ಬಲ ತಿರುಗುಮುರುಗಾಗಿ ಕಾಣುತ್ತದೆ. ರುಮಾಲು ಎಡಕ್ಕಿರಲಿ ಎಂದರೆ ನಾನು ಬಲಕ್ಕೆ ತಳ್ಳಿಸುತ್ತಿದ್ದೆ, ಬಲಕ್ಕಿರಲಿ ಎಂದರೆ ಎಡಕ್ಕೆ. ಎರಡು ಪಕ್ಷದವರೂ ನನ್ನನ್ನು ಬೈದರು. ಕಡೆಗೆ ನೆಟ್ಟಗಿಡಿಸಿದೆ. ಕ್ಯಾಮೆರಾ ನೋಡಬೇಡಿ ಎಂದು ಬೀದರದಲ್ಲಿ ಎಷ್ಟು ಜನರನ್ನು ಬೇಡಿಕೊಂಡಿದ್ದೆನೋ, ಈಗ ಅದಕ್ಕೆ ತದ್ವಿರುದ್ಧ: “ಅಲುಗಬೇಡಿ, ನನ್ನನ್ನೇ ನೋಡಿ” ಎಂದು ಕೂಗಿದೆ. ವೈಜಿನಾಥ ನನ್ನನ್ನು ನೋಡಿದ. ಅವನು ಅಣ್ಣನಾಗಲು ನಿಂತಿದ್ದ. ಆದರೆ ಆ ಕಣ್ಣಲ್ಲಿ ಇದ್ದದ್ದು ಅಣ್ಣನನ್ನು ಕಳೆದುಕೊಂಡ ತಮ್ಮ. ನಾನು ತೆಗೆದೆ.

ಸಾಮಾನು ಕಟ್ಟುತ್ತಿದ್ದಾಗ ಗುಂಡಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಜನ ಅಂಗಳದಲ್ಲಿ ಇನ್ನೂ ರುಮಾಲಿನ ಜಗಳದಲ್ಲಿದ್ದರು. ಆಕೆ ದನಿ ತಗ್ಗಿಸಿ ಹೇಳಿದರು.

“ಹೋಲೂದಿಲ್ರಿ.”

ಕಟ್ಟುತ್ತಿದ್ದ ಚೀಲವನ್ನು ಕೆಳಗಿಟ್ಟೆ.

“ಊರೆಲ್ಲಾ ಒಂದೇ ಮುಖ ಅಂತಾರ. ನನಗ ಗೊತ್ತದಲ್ರಿ. ಅವರ ಗದ್ದ ಸಣ್ಣದಿತ್ತು. ನಕ್ಕರ ಒಂದು ಕಣ್ಣು ಅರ್ಧ ಮುಚ್ತಿತ್ತು. ಬ್ಯಾರೇನೇ ಮುಖ.”

ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ತಿದ್ದಬಹುದು. ಗದ್ದ ಹೇಗಿತ್ತು, ಕಣ್ಣು ಹೇಗಿತ್ತು ಹೇಳಿ, ಪ್ರಯತ್ನ ಮಾಡುತ್ತೇನೆ ಎಂದೆ. ಜೀವಮಾನದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದ್ದೆ. ಆಕೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು.

“ಹೇಳಾಕ ಬರೂದಿಲ್ರಿ. ಸುಮ್ಮ ಕುಂತ್ರ ಬರ್ತಾರ. ಹೇಳಾಕ ಹೋದ್ರ ಹೋಗಿಬಿಡ್ತಾರ. ನಂದು ನನ್ನ ಹತ್ರ ಅದ. ಆಕಿಗಿ ಒಂದು ಬೇಕಲ್ರಿ. ಇದೇ ಇರಲಿ. ಆಕಿಗಿ ಹೇಳಬ್ಯಾಡ್ರಿ.”

ಮತ್ತೆ ಬೀದರ

ಪೇಟೆಯ ಸ್ಟುಡಿಯೋದವರು ಕತ್ತಲೆಕೋಣೆ ಬಿಟ್ಟುಕೊಟ್ಟರು. ಕೆಂಪು ದೀಪದ ಕೆಳಗೆ, ಔಷಧಿಯ ತಟ್ಟೆಯಲ್ಲಿ ವೈಜಿನಾಥನ ಮುಖ ಮೆಲ್ಲಗೆ ಮೂಡಿತು. ಮೊದಲು ರುಮಾಲು, ಆಮೇಲೆ ಮೀಸೆ, ಕೊನೆಗೆ ಕಣ್ಣು. ಒಳ್ಳೆಯ ಫೋಟೋ ಆಗಿತ್ತು. ಅದೇ ನನಗೆ ಸಂಕಟವಾಯಿತು. ಸ್ಟುಡಿಯೋದವರು ಇಣುಕಿ, “ಹೊಟ್ಟಿ ಜರಾ ಕಮ್ಮಿ ಮಾಡಿಕೊಡ್ಲೇನ್ರಿ?” ಎಂದರು. ಬೇಡವೆಂದೆ. ಗದ್ದ ಒಂದನ್ನು ಬಿಟ್ಟು ಬೇರೆ ಏನನ್ನು ತಿದ್ದಿದರೂ ಅರ್ಥವಿರಲಿಲ್ಲ. ಗದ್ದ ಹೇಗಿತ್ತೆಂದು ತಿಳಿದವರು ಹೇಳುವಂತಿರಲಿಲ್ಲ.

ಫೋಟೋ ಒಣಗಲಿಕ್ಕೆ ತೂಗುಹಾಕಿ ಹೊರಗೆ ಕೂತಾಗ ಒಂದು ವಿಚಾರ ಹೊಳೆಯಿತು. ನನಗೂ ಒಬ್ಬ ಮಗಳಿದ್ದಾಳೆ. ಅವಳ ಹತ್ತಿರ ನಾನು ತೆಗೆದ ಫೋಟೋಗಳು ಎಷ್ಟೋ ಇವೆ. ನನ್ನದು ಒಂದೂ ಇಲ್ಲ. ಯಾವಾಗಲೂ ಪೆಟ್ಟಿಗೆಯ ಹಿಂದೆಯೇ ನಿಂತವನಿಗೆ ಅದು ನೆನಪಾಗಿರಲಿಲ್ಲ. ಸ್ಟುಡಿಯೋದವರಿಗೆ ಹೇಳಿದೆ. ಅವರು ಬಣ್ಣದ ಪರದೆ ಇಳಿಸಿ, ಹೂದಾನಿ ಇಟ್ಟರು. ನಾನು ಮುಖ ತೊಳೆದು, ಖಾದರ್ ಸಾಹೇಬರ ಶೇರ್ವಾನಿಯನ್ನು ಕೇಳಿ ಹಾಕಿಕೊಂಡು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟು, ಕ್ಯಾಮೆರಾವನ್ನೇ ದಿಟ್ಟಿಸಿ ಕೂತೆ. ಖಾದರ್ ಸಾಹೇಬರು ಬನಿಯನ್ನಿನಲ್ಲಿ ನಿಂತು, ಒಂದು ಮಾತನ್ನೂ ಆಡದೆ ನೋಡಿದರು. ದೊಡ್ಡ ಮನುಷ್ಯ.

ಮದುವೆಯ ಮನೆ

ಮದುವೆಯ ದಿನ ಬೆಳಿಗ್ಗೆ ಚಿಂತಾಕಿ ಮುಟ್ಟಿದೆವು. ಚೌಕಟ್ಟು ಹಾಕಿಸಿದ ಎರಡು ಫೋಟೋಗಳನ್ನು ಬಸ್ಸಿನಲ್ಲಿ ಎದೆಗೆ ಒತ್ತಿ ಹಿಡಿದು ಬಂದದ್ದಕ್ಕೆ ನನ್ನ ಅಂಗಿ ಮುದ್ದೆಯಾಗಿತ್ತು. ಅಂಗಳದಲ್ಲಿ ಹಂದರ ಎದ್ದಿತ್ತು. ವರನ ಕಡೆಯವರು ಊರ ಹೊರಗೆ ಇಳಿದುಕೊಂಡಿದ್ದರು. ವಾಲಗದ ಸದ್ದು ಆ ಕಡೆಯಿಂದ ಬರುತ್ತಿತ್ತು.

ಮೊದಲು ರತ್ನಾಬಾಯಿ ಜೋಡಿ ಫೋಟೋ ಇಸಿದುಕೊಂಡಳು. ಹಣೆಯ ಕುಂಕುಮ ಕಾಣುತ್ತದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿ, ತಾನೇ ಗೋಡೆಗೆ ತೂಗುಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ನಿಟ್ಟುಸಿರು ಬಿಟ್ಟಳು. ಆಮೇಲೆ ಇನ್ನೊಂದನ್ನು ಪಕ್ಕದ ಮೊಳೆಗೆ ಹಾಕಿದಳು. ಮಲ್ಲಿಗೆ ಹಾರವನ್ನು ಅವಳೇ ತಂದು ಶಾಂತಮ್ಮನ ಕೈಗೆ ಕೊಟ್ಟಳು. ಕೊಡುವ ಮುನ್ನ ಜೋಡಿ ಫೋಟೋದ ಕಡೆ ಇನ್ನೊಮ್ಮೆ ನೋಡಿದಳು.

ಹಸಿರು ಸೀರೆಯುಟ್ಟ ಶಾಂತಮ್ಮ ಹಾರ ಹಿಡಿದು ಫೋಟೋದ ಮುಂದೆ ನಿಂತಳು. ನೋಡುತ್ತಲೇ ನಿಂತಳು. ವೈಜಿನಾಥ ಕಂಬದ ಹತ್ತಿರ ಇದ್ದವನು ಮೆಲ್ಲಗೆ ಬಾಗಿಲಿನ ಹೊರಗೆ ಸರಿದ. ಎರಡು ಮುಖಗಳನ್ನು ಅವಳು ಒಟ್ಟಿಗೆ ನೋಡುವುದು ಬೇಡವೆಂದು ಅವನಿಗೆ ಅನಿಸಿರಬೇಕು.

“ಅವ್ವ,” ಶಾಂತಮ್ಮ ತಿರುಗದೆ ಕೇಳಿದಳು. “ನಮ್ಮಪ್ಪ ಹಿಂಗೇ ಇದ್ರೇನು?”

ಪಡಸಾಲೆಯಲ್ಲಿದ್ದವರೆಲ್ಲ ಗುಂಡಮ್ಮನ ಕಡೆ ನೋಡಿದರು. ನಾನು ಮಾತ್ರ ನೆಲ ನೋಡಿದೆ. ಆ ಪ್ರಶ್ನೆಗೆ ಉತ್ತರವೇನೆಂದು ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ‘ಹೌದು’ ಎಂದರೆ ತನ್ನ ಗಂಡನ ಮುಖವನ್ನು ಆಕೆ ಬಿಟ್ಟುಕೊಟ್ಟ ಹಾಗೆ. ‘ಅಲ್ಲ’ ಎಂದರೆ ಮಗಳು ತಂದೆಯಿಲ್ಲದೆ ಹಂದರಕ್ಕೆ ಹೋಗಬೇಕು.

ಗುಂಡಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದರು. ಫೋಟೋವನ್ನು ಒಮ್ಮೆ ನೋಡಿದರು. ಮೈದುನನ ಮುಂದೆ ಎಂದೂ ಹೊದೆಯದ ಸೆರಗನ್ನು ಎಳೆದು, ಗಂಡನ ಎದುರು ನಿಲ್ಲುವ ಹೆಂಡತಿಯಂತೆ ತಲೆಯ ತುಂಬ ಹೊದ್ದುಕೊಂಡು, ಚೌಕಟ್ಟಿಗೆ ನೇರವಾಗದೆ ಒಂದು ಬದಿಗೆ ಸರಿದು ನಿಂತರು.

“ಬರೀ ತಲಿಲೆ ನಿಂತೀಯಲ್ಲ” ಎಂದು ಮಗಳನ್ನು ಗದರಿದರು. “ಸೆರಗು ಹೊದ್ಕೊ. ನಿಮ್ಮಪ್ಪಗ ಅದು ಸೇರೂದಿಲ್ಲ.”

ಶಾಂತಮ್ಮ ಗಡಿಬಿಡಿಯಿಂದ ಸೆರಗು ಹೊದ್ದುಕೊಂಡಳು. ಹಾರ ಹಾಕಿ, ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಬಹಳ ಹೊತ್ತು ಏಳಲಿಲ್ಲ. ಯಾರೂ ಏಳು ಎನ್ನಲೂ ಇಲ್ಲ.